ನಿಮ್ಮ ನಮೂನೆಯಲ್ಲಿ ಮಂಗಳವಾರಕ್ಕೆ ಜಾಗವಿಲ್ಲ

ಸಂಶೋಧನಾ ಅನುಮೋದನಾ ಸಮಿತಿಯ ಅಧ್ಯಕ್ಷರ ಗಮನಕ್ಕೆ (ಕಚೇರಿಯ ವೇಳೆಯಲ್ಲಿ ಗಮನ ಲಭ್ಯವಿದ್ದರೆ)

ಮಾನ್ಯ ಅಧ್ಯಕ್ಷರೇ,

ನೆನ್ನೆಯವರೆಗೆ ನಗುತ್ತಿದ್ದ ಮಗು ಒಂದು ಬೆಳಿಗ್ಗೆ ಎದ್ದು ಬೇರೆಯೇ ಮಗುವಾಗಿಬಿಟ್ಟರೆ ಅದಕ್ಕೆ ದೇಹದೊಳಗೇ ಏನಾದರೂ ಕಾರಣವಿರಬಹುದೇ ಎಂದು ಹುಡುಕಲು ಧಾರಾಪುರಂನ ಮಕ್ಕಳ ವೈದ್ಯರೊಬ್ಬರು ನಿಮ್ಮ ಸಮಿತಿಯ ಅನುಮತಿ ಕೇಳಿದರು. ನೀವು ಕೊಡಲಿಲ್ಲ. ಕೊಡದಿರುವುದಕ್ಕೆ ಮೂರು ಕಾರಣ ಬರೆದಿರಿ. ಅವನ್ನು ನಾನು ಮನೆಯಲ್ಲಿ ಎಷ್ಟು ಸಲ ಗಟ್ಟಿಯಾಗಿ ಓದಿದ್ದೇನೆಂದರೆ, ಅಕ್ಷರ ಬಾರದ ನಮ್ಮ ಅತ್ತೆ ಪೊನ್ನಮ್ಮನವರಿಗೂ ಬಾಯಿಪಾಠವಾಗಿವೆ. ಆ ಮೂರನ್ನೂ ಒಂದೊಂದಾಗಿ ನಿಮಗೇ ಹಿಂದಿರುಗಿಸಲು ಈ ಪತ್ರ.

ಕನ್ನಡದಲ್ಲೇಕೆ ಎಂದು ನೀವು ಹುಬ್ಬೇರಿಸಬಹುದು. ತಮಿಳಿನಲ್ಲಿ ಮೂರು ಪತ್ರ ಬರೆದೆ, ಉತ್ತರವಿಲ್ಲ. ನಮ್ಮ ಬೀದಿಯ ಕಾಲೇಜು ಹುಡುಗಿಯ ಕೈಕಾಲು ಹಿಡಿದು ಇಂಗ್ಲಿಷಿನಲ್ಲಿ ಎರಡು ಬರೆಸಿದೆ. 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಮಾತ್ರ ಬಂತು. ಆಮೇಲೊಂದು ದಿನ ನಿಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಬಾಗಿಲ ಸಂದಿಯಿಂದ ನೀವು ಫೋನಿನಲ್ಲಿ ಮಾತಾಡುವುದು ಕೇಳಿಸಿತು: "ಹುಳಿಗೆ ನುಗ್ಗೆಕಾಯಿ ಹಾಕು, ಬದನೆಕಾಯಿ ಬೇಡ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ!" ಅಪ್ಪಟ ಮೈಸೂರು ಕನ್ನಡ. ನನಗೆ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ನಾವು ಕೊಯಮತ್ತೂರು ಕಡೆಯ ಅನ್ನೂರಿನವರು, ನೇಯ್ಗೆಯ ಮನೆತನ. ಎಷ್ಟು ತಲೆಮಾರು ಇಲ್ಲಿದ್ದೇವೋ ಲೆಕ್ಕ ಇಟ್ಟವರಿಲ್ಲ. ಬಾಗಿಲೊಳಗೆ ಕನ್ನಡ, ಬಾಗಿಲಾಚೆ ತಮಿಳು. ನಮ್ಮವರಲ್ಲಿ ಹೆಚ್ಚಿನವರಿಗೆ ಕನ್ನಡದ ಅಕ್ಷರ ಬಾರದು. ನಾನು ಮಾತ್ರ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಓದಿದವಳು. ನನ್ನ ಪತ್ರವನ್ನು ಅಚ್ಚು ಹಾಕುತ್ತಿರುವ ಈ ಪತ್ರಿಕೆಯ ಹಳೆಯ ಸಂಚಿಕೆಯೊಂದು ನಿಮ್ಮ ಮೇಜಿನ ಮೇಲೆ ಇದ್ದದ್ದನ್ನೂ ಕಂಡಿದ್ದೇನೆ. ಹೀಗಾಗಿ ಭಾಷೆ ತಿಳಿಯಲಿಲ್ಲವೆಂಬ ನಾಲ್ಕನೆಯ ಕಾರಣ ನಿಮಗೆ ಉಳಿದಿಲ್ಲ.

ಈಗ ನನ್ನ ಮಗಳ ವಿಷಯ. ಹೆಸರು ಇಲಕ್ಕಿಯಾ, ಆಗ ಎಂಟು ವರ್ಷ. ಮೂರು ದೋಸೆಯನ್ನು ನಿಂತಲ್ಲೇ ತಿಂದು, ನಾಲ್ಕನೆಯದನ್ನು ಬೀದಿ ನಾಯಿಯ ಜೊತೆ ಹಂಚಿಕೊಂಡು, ಅದೇ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಶಾಲೆಗೆ ಓಡುತ್ತಿದ್ದ ಹುಡುಗಿ. ಅವಳಿಗೆ ಶುಚಿತ್ವ ಕಲಿಸಲು ನಾನು ಪಟ್ಟ ಪಾಡು ಆ ನಾಯಿಗೇ ಗೊತ್ತು. ಕಳೆದ ವರ್ಷ ಜುಲೈ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಕಂಪನಿಯ ವ್ಯಾನಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹಿತ್ತಲಿಂದ ಅತ್ತೆ ಕೂಗಿದರು.

"ಗೋಕಿಲಾ, ಇಲ್ಲಿ ಬಾಮ್ಮಾ! ಈ ಕೂಸು ಆಗಿಂದ ಕೈ ತೊಳಿತಾನೇ ಐತೆ."

ಹೋಗಿ ನೋಡಿದರೆ ಬಕೆಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಳುತ್ತಾ ಕೈ ಉಜ್ಜುತ್ತಿದ್ದಾಳೆ. ಬೆರಳ ಗೆಣ್ಣುಗಳು ಕೆಂಪಾಗಿವೆ.

"ಏನಾಯ್ತು ಅಮ್ಮಿಣಿ?"

"ಹೋಗ್ತಿಲ್ಲಮ್ಮಾ."

"ಏನು ಹೋಗ್ತಿಲ್ಲ?"

"ಗೊತ್ತಿಲ್ಲ. ಹೋಗ್ತಿಲ್ಲ."

ಅಂದು ದೋಸೆ ಮುಟ್ಟಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡರೆ ಸತ್ತುಹೋಗುತ್ತೇನೆ ಎಂದಳು. ನನ್ನ ಸೀರೆಯ ಸೆರಗು ಬಿಡಲಿಲ್ಲ. "ಅಮ್ಮಾ, ನೀ ಸಾಯಲ್ಲ ತಾನೇ?" ಎಂದು ಕೇಳಿದಳು. ಇಲ್ಲ ಎಂದೆ. ಮತ್ತೆ ಕೇಳಿದಳು. ಮಧ್ಯಾಹ್ನದೊಳಗೆ ಅರವತ್ತು ಸಲವಾದರೂ ಕೇಳಿರಬೇಕು. ಸಾಯುವ ಯೋಚನೆಯೇ ಇರದಿದ್ದ ನನಗೆ ಸಂಜೆಯ ಹೊತ್ತಿಗೆ ನನ್ನ ಆರೋಗ್ಯದ ಮೇಲೇ ಅನುಮಾನ ಬಂತು. ಶುಕ್ರವಾರ ಶಾಲೆಯಿಂದ ನೋಟ್‌ಬುಕ್ ಕಳಿಸಿದರು. ಸೋಮವಾರದ ಪುಟದಲ್ಲಿ ಮುತ್ತಿನಂಥ ಅಕ್ಷರ, ಬುಧವಾರದ ಪುಟದಲ್ಲಿ ಇರುವೆ ಶಾಯಿ ತುಳಿದು ನಡೆದಂತೆ ಗೀಟುಗಳು.

ಆಮೇಲೆ ನಮ್ಮ ಮನೆಗೆ ಬಂದದ್ದು ಅಭಿಪ್ರಾಯಗಳ ಮೆರವಣಿಗೆ. ಅತ್ತೆ ಹೇಳಿದರು, "ಯಾರೋ ಕಣ್ಣು ಹಾಕ್ಬುಟ್ಟವ್ರೆ, ಸುತ್ತಿ ಹಾಕ್ಬೇಕು." ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಘಾಟಿಗೆ ನಾವೆಲ್ಲ ಕೆಮ್ಮಿದೆವು, ಮಗುವೊಂದು ಮಾತ್ರ ಕೈ ತೊಳೆಯುತ್ತಿತ್ತು. ಟೀಚರು ಹೇಳಿದರು, ಫೋನ್ ಜಾಸ್ತಿ ನೋಡುತ್ತಾಳೆ. ನಮ್ಮ ಮನೆಯಲ್ಲಿ ಆಟವಾಡಲು ಬರುವಂಥ ಫೋನು ಒಂದೇ. ಅದು ನನ್ನ ಯಜಮಾನರು ನಂದಕುಮಾರ್ ಅವರ ಜೇಬಿನಲ್ಲಿ ಬೆಳಿಗ್ಗೆ ಸ್ಪಿನ್ನಿಂಗ್ ಮಿಲ್ಲಿಗೆ ಹೋಗಿ ರಾತ್ರಿ ಅವರ ಜೊತೆಗೇ ನಿದ್ದೆ ಮಾಡುತ್ತದೆ. ಮೊದಲು ತೋರಿಸಿದ ಡಾಕ್ಟರು ಹೇಳಿದರು, ಒಂದೇ ಮಗು, ಮುದ್ದು ಹೆಚ್ಚಾಗಿದೆ. ಎರಡನೆಯವರು ಹೇಳಿದರು, ತಾಯಿ ಕೆಲಸಕ್ಕೆ ಹೋಗುತ್ತಾರೆ, ಮುದ್ದು ಕಡಿಮೆಯಾಗಿದೆ. ಈ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮುದ್ದಿನ ಸರಿಯಾದ ಅಳತೆ ಬರೆಸಿಕೊಂಡು ಬರಬೇಕೆಂದು ನನಗೆ ಬಹಳ ಆಸೆಯಿತ್ತು.

ನಾನು ಅವಿನಾಶಿಯ ಹತ್ತಿರದ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ವಿಭಾಗದವಳು. ಹದಿನಾಲ್ಕು ವರ್ಷದಿಂದ ಬಟ್ಟೆಯಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಹತ್ತು ಗಂಟೆಯವರೆಗೆ ಚೆನ್ನಾಗಿದ್ದ ಬಟ್ಟೆಯಲ್ಲಿ ಹತ್ತೂಕಾಲಿಗೆ ತೂತು ಕಾಣಿಸಿಕೊಂಡರೆ ನಾವು ಮೊದಲು ಹೊತ್ತು ಬರೆದುಕೊಳ್ಳುತ್ತೇವೆ, ಆಮೇಲೆ ಮೆಷಿನ್ ನಿಲ್ಲಿಸಿ ಯಾವ ಸೂಜಿ ಮುರಿದಿದೆ ಎಂದು ನೋಡುತ್ತೇವೆ. ಬಟ್ಟೆಗೆ ಶಿಸ್ತು ಕಲಿಸಲು ಹೋಗುವುದಿಲ್ಲ. ಆ ಅಭ್ಯಾಸಬಲದಿಂದಲೇ ಒಂದು ನೋಟ್‌ಬುಕ್ ಇಟ್ಟೆ. ದಿನ, ಹೊತ್ತು, ಎಷ್ಟು ಸಲ ಕೈ ತೊಳೆದಳು, ಏನು ನುಂಗಿದಳು, ಎಷ್ಟು ತೂಕ. ಇಪ್ಪತ್ತನಾಲ್ಕು ಕಿಲೋ ಇದ್ದ ಹುಡುಗಿ ಐದು ವಾರಕ್ಕೆ ಹತ್ತೊಂಬತ್ತಕ್ಕೆ ಇಳಿದಳು. ಅದನ್ನು ಬರೆಯುವ ಮೊದಲು ತಕ್ಕಡಿ ಕೆಟ್ಟಿದೆಯೇ ಎಂದು ನಾನೇ ಹತ್ತಿ ನೋಡಿದೆ. ಅದನ್ನೂ ಬರೆದಿಟ್ಟಿದ್ದೇನೆ.

ಆ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಕೊಯಮತ್ತೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿ ಒಂದು ನಮೂನೆ ತುಂಬಲು ಕೊಟ್ಟರು. ಕೆಳಗೆ ನಿಮ್ಮ ಸಮಿತಿಯ ಹೆಸರು. ಇಲ್ಲಿನ ಎರಡು ಜಿಲ್ಲೆಗಳ ಮಕ್ಕಳ ಮನೋರೋಗದ ದಾಖಲೆ ಅದರಿಂದಲೇ ತಯಾರಾಗುತ್ತದಂತೆ. 'ತೊಂದರೆ ಆರಂಭವಾದ ರೀತಿ' ಎಂಬಲ್ಲಿ ಎರಡೇ ಚೌಕ: 'ಕೆಲವು ತಿಂಗಳುಗಳಲ್ಲಿ', 'ಕೆಲವು ವರ್ಷಗಳಲ್ಲಿ'. ಕಿಟಕಿಯ ಹಿಂದಿದ್ದ ಗುಮಾಸ್ತರನ್ನು ಕೇಳಿದೆ, "ಸಾರ್, ನಮ್ಮದು ಮಂಗಳವಾರ ಶುರುವಾಯ್ತು. ಎಲ್ಲಿ ಬರೀಲಿ?"

ಅವರು ನಮೂನೆಯನ್ನು ತಿರುಗಿಸಿ, ಹಿಂಬದಿಯನ್ನೂ ನೋಡಿ, ನಿಜವಾದ ಮರುಕದಿಂದ ಹೇಳಿದರು, "ಮಂಗಳವಾರಕ್ಕೆ ಕಾಲಂ ಇಲ್ಲೀಂಗಮ್ಮಾ. ತಿಂಗಳು ಅಂತ ಹಾಕ್ಬಿಡಿ."

ಹಾಕಿದೆ. ಆ ದಿನ ನಾನೂ ಸರ್ಕಾರಿ ಸುಳ್ಳಿಗೆ ಸಹಿ ಮಾಡಿದೆ.

ನಂದಕುಮಾರ್ ಅವರ ಅಕ್ಕ ಕಮಲಾತಾಳ್ ಧಾರಾಪುರಂನಲ್ಲಿದ್ದಾರೆ. "ಮಗೀನ ಇಲ್ಲಿ ಕರ್ಕೊಂಡು ಬಾ, ನಮ್ಮ ಡಾಕ್ಟ್ರು ಮಾತು ಕಡಿಮೆ, ನೋಡೋದು ಜಾಸ್ತಿ" ಎಂದರು. ಆ ಡಾಕ್ಟರೇ ಹರಿಹರನ್, ನಿಮ್ಮ ಮುಂದೆ ಅರ್ಜಿ ಹಾಕಿದವರು. ಅವರು ಮಗುವಿನ ಕೈ ನೋಡಿದರು, ಗಂಟಲು ನೋಡಿದರು, ನನ್ನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಅದನ್ನು ಓದಿದ ಮೊದಲ ಮನುಷ್ಯ ಅವರೇ. ತಮಿಳಿನಲ್ಲಿ ಅವರು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಈ ಮಂಗಳವಾರಕ್ಕೆ ಮುಂಚಿನ ಒಂದು ತಿಂಗಳಲ್ಲಿ ಜ್ವರ ಬಂದಿತ್ತೇನಮ್ಮಾ? ಗಂಟಲು ನೋವು?"

ಬಂದಿತ್ತು! ಜೂನ್ ಮೂರನೆಯ ವಾರ ಎರಡು ದಿನ. ಬೀದಿಯ ಮಕ್ಕಳಿಗೆಲ್ಲ ಬಂದಿತ್ತು, ಹೋಗಿತ್ತು. ನಾನು ಮರೆತೇಬಿಟ್ಟಿದ್ದೆ. ಯಾರೂ ಕೇಳಿರಲಿಲ್ಲ ನೋಡಿ.

ಪರೀಕ್ಷೆ ಮಾಡಿಸಿದಾಗ ಗಂಟಲಿನ ಸೋಂಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಗಂಟಲಿಗೆ ಬಂದ ಕ್ರಿಮಿಯ ಮೇಲೆ ಯುದ್ಧಕ್ಕೆ ಹೊರಟ ನಮ್ಮದೇ ರೋಗನಿರೋಧಕ ಶಕ್ತಿ, ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ಮೆದುಳಿನ ಒಂದು ಭಾಗವನ್ನೇ ಶತ್ರುವೆಂದು ತಿಳಿಯಬಹುದು ಎಂಬ ಅನುಮಾನವಿದೆಯಂತೆ. ಹೊರದೇಶಗಳಲ್ಲಿ ಇದರ ಬಗ್ಗೆ ವರ್ಷಗಳಿಂದ ವಾದ ನಡೆಯುತ್ತಿದೆಯಂತೆ. "ಇರಬಹುದು, ಇಲ್ಲದೆಯೂ ಇರಬಹುದು. ಸೋಂಕು ಇದೆ, ಅದಕ್ಕೆ ಔಷಧಿ ಕೊಡೋಣ. ಭಯಕ್ಕೆ ಬೇರೆ ತರಬೇತಿ ಕೊಡಿಸೋಣ. ಎರಡೂ ಬೇಕು" ಎಂದರು. ಹನ್ನೆರಡನೆಯ ದಿನ ಅರ್ಧ ಇಡ್ಲಿ ತಿಂದಳು. ಕಮಲಾತಾಳ್ ಅತ್ತಿಗೆ ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಅತ್ತರು. ಕೇಳಿದರೆ ಈರುಳ್ಳಿ ಎಂದರು, ಆ ದಿನ ಸಾರಿಗೆ ಈರುಳ್ಳಿಯೇ ಇರಲಿಲ್ಲ. ಮೂರು ತಿಂಗಳಲ್ಲಿ ನನ್ನ ಮಗಳು ಮುಕ್ಕಾಲು ಪಾಲು ಮನೆಗೆ ಮರಳಿದಳು.

ಇಷ್ಟಾದ ಮೇಲೆ ನಾವು ಕೈಮುಗಿದಾಗ ಆ ಡಾಕ್ಟರು ಹೇಳಿದ್ದೇನು ಗೊತ್ತೇ? "ನನ್ನ ಔಷಧಿಯಿಂದಲೇ ಗುಣವಾಯಿತು ಅಂತ ಹೇಳಲಾರೆ. ತಾನಾಗಿಯೇ ಇಳಿದಿರಬಹುದು. ಅದು ತಿಳಿಯಬೇಕಾದರೆ ಇಂಥ ಮಕ್ಕಳನ್ನು ಮೊದಲ ವಾರದಲ್ಲೇ ಹುಡುಕಿ, ರಕ್ತ ಪರೀಕ್ಷಿಸಿ, ಆರು ತಿಂಗಳ ಮೇಲೆ ಮತ್ತೆ ನೋಡಬೇಕು." ನಂದಕುಮಾರ್ ಅವರಿಗೆ ಸಿಟ್ಟೇ ಬಂತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು, "ಏನ್ ಡಾಕ್ಟ್ರೋ! ಗುಣ ಮಾಡ್ಬುಟ್ಟು ನಾನಲ್ಲ ಅಂತಾರೆ. ಬೇರೇವ್ರು ಮಾಡ್ದೇ ಇದ್ರೂ ನಾನೇ ಅಂತಾರೆ!"

ನನಗೆ ಮಾತ್ರ ಆ ಮಾತು ಹಿಡಿಸಿತು. ನನಗೆ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲ ವೈದ್ಯರು ಅವರು. ಉಳಿದವರಿಗೆಲ್ಲ ಎಲ್ಲವೂ ಗೊತ್ತಿತ್ತು. ಹಾಗಾಗಿ ಮಕ್ಕಳನ್ನು ಹುಡುಕುವ ಕೆಲಸ ನಾನು ಹೊತ್ತೆ. ವ್ಯಾನಿನಲ್ಲಿ ಕೇಳಿದೆ, ಶಾಲೆಯ ಗೇಟಿನಲ್ಲಿ ಚೀಟಿ ಹಂಚಿದೆ, ಟೌನ್ ಬಸ್ಸಿನಲ್ಲಿ ಅಪರಿಚಿತ ತಾಯಂದಿರ ಪಕ್ಕ ಕೂತು ಅಧಿಕಪ್ರಸಂಗಿ ಎನಿಸಿಕೊಂಡೆ. ಒಂದು ಭಾನುವಾರ ನಮ್ಮ ಚಿಕ್ಕಪ್ಪನ ಮಗ್ಗದ ಶೆಡ್ಡಿನಲ್ಲಿ ಹತ್ತೊಂಬತ್ತು ಕುಟುಂಬಗಳು ಸೇರಿದವು. ಡಾಕ್ಟರು ಎಲ್ಲರನ್ನೂ ಕೇಳಿದ್ದು ಒಂದೇ: ಯಾವತ್ತು ಶುರುವಾಯಿತು? ಹನ್ನೊಂದು ಮನೆಯವರು "ಹಾಗೇ ಮೆಲ್ಲಮೆಲ್ಲಗೆ" ಎಂದರು. ಅವರಿಗೆ ಇದು ಬೇರೆ, ಇಂಥ ಕಡೆ ತೋರಿಸಿ ಎಂದು ವಿಳಾಸ ಬರೆದುಕೊಟ್ಟು, ಊಟ ಮಾಡಿಸಿ ಕಳಿಸಿದೆವು. ಎಂಟು ಮನೆಯವರು ತಾರೀಕು ಹೇಳಿದರು.

ಅವರಲ್ಲಿ ಒಬ್ಬರು ಕೃಷ್ಣಸಾಮಿ, ಉಕ್ಕಡಂ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಇಳಿಸುವವರು. ಮಗಳು ನಿತ್ಯಾಗೆ ಹನ್ನೊಂದು ವರ್ಷ. ಅವರು ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಗೋಡೆಯ ಕ್ಯಾಲೆಂಡರಿನಿಂದ ಹರಿದ ಒಂದು ದಿನದ ಹಾಳೆ, ಎರಡು ವರ್ಷ ಹಳೆಯದು.

"ಅವತ್ತೇ ಸಾರ್" ಎಂದರು ತಮಿಳಿನಲ್ಲಿ. "ಯಾರಾದರೂ ಕೇಳ್ತಾರೆ ಅಂತ ಎತ್ತಿಟ್ಟಿದ್ದೆ. ಇಲ್ಲಿವರೆಗೆ ಯಾರೂ ಕೇಳಲಿಲ್ಲ."

ಡಾಕ್ಟರು ಆ ತಾರೀಕನ್ನು ಬರೆದುಕೊಂಡು ಹಾಳೆಯನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು.

ಈ ಎಂಟು ಮಕ್ಕಳನ್ನು ಮುಂದಿಟ್ಟುಕೊಂಡು, ಹೊಸದಾಗಿ ಬರುವವರನ್ನು ಮೊದಲ ವಾರದಲ್ಲೇ ದಾಖಲಿಸುವ ಅಧ್ಯಯನಕ್ಕೆ ಡಾಕ್ಟರು ಅರ್ಜಿ ಹಾಕಿದ್ದು. ಈಗ ನಿಮ್ಮ ಕಾರಣಗಳಿಗೆ ಬರೋಣ.

ಒಂದು: 'ಇಂತಹ ಪ್ರಕರಣಗಳು ಈ ಎರಡು ಜಿಲ್ಲೆಗಳಲ್ಲಿ ದಾಖಲಾಗಿರುವುದಿಲ್ಲ.' ಹೇಗೆ ದಾಖಲಾಗಬೇಕು ಸ್ವಾಮಿ? ಇದ್ದಕ್ಕಿದ್ದಂತೆ ಶುರುವಾದದ್ದನ್ನು ಬರೆಯಲು ನಮೂನೆಯಲ್ಲಿ ಚೌಕವೇ ಇಡದೆ, ಆಮೇಲೆ ಆ ನಮೂನೆಗಳನ್ನೇ ಎಣಿಸಿ ಒಂದೂ ಸಿಗಲಿಲ್ಲವೆಂದು ಬರೆಯುವುದಕ್ಕೆ ಎಷ್ಟು ವರ್ಷದ ವಿದ್ಯಾಭ್ಯಾಸ ಬೇಕು?

ಎರಡು: 'ಕಾರಣ ಖಚಿತವಾಗಿಲ್ಲದ ಸ್ಥಿತಿಯ ಕಾರಣಗಳ ಸಂಶೋಧನೆ ಅಕಾಲಿಕವಾಗಿದೆ.' ಇದನ್ನು ಓದಿದಾಗ ಮಿಲ್ಲಿನ ಮೆಕ್ಯಾನಿಕ್ ಆದ ನಂದಕುಮಾರ್ ಊಟದ ತಟ್ಟೆಯಿಂದ ತಲೆ ಎತ್ತಿ, "ಅಂದ್ರೆ, ಕಳೆದ್ಹೋದ ಸ್ಪ್ಯಾನರ್ ಸಿಕ್ಕಿದ್ಮೇಲೆ ಹುಡ್ಕಕ್ಕೆ ಹೋಗ್ಬೇಕು ಅಂತಾನಾ?" ಎಂದು ಕೇಳಿದರು. ಉತ್ತರ ನಿಮಗೆ ಗೊತ್ತಿದ್ದರೆ ತಿಳಿಸಿ, ಅವರು ಇನ್ನೂ ಯೋಚಿಸುತ್ತಿದ್ದಾರೆ.

ಮೂರು: 'ಪೋಷಕರ ಹೇಳಿಕೆಗಳು ಭಾವನಾತ್ಮಕವಾಗಿರುವುದರಿಂದ ಪುರಾವೆಯಾಗಿ ಪರಿಗಣಿಸಲಾಗದು.' ಭಾವನೆ ಇತ್ತು, ಒಪ್ಪಿಕೊಂಡೆ. ಹತ್ತೊಂಬತ್ತು ಕಿಲೋದ ಮಗಳನ್ನು ತಕ್ಕಡಿಯಿಂದ ಇಳಿಸಿಕೊಳ್ಳುವಾಗ ನನ್ನ ಮುಖ ಕಲ್ಲಾಗಿರಲಿಲ್ಲ. ಆದರೆ ನಾನು ಅತ್ತೆನೆಂದು ತಕ್ಕಡಿಯ ಮುಳ್ಳು ಇಪ್ಪತ್ತನಾಲ್ಕಕ್ಕೆ ಏರಲಿಲ್ಲವಲ್ಲ? ನಮ್ಮ ಮಾತು ಪುರಾವೆಯಲ್ಲ ಎನ್ನುವಿರಾದರೆ, ಪುರಾವೆ ಹುಡುಕಲು ಹೊರಟವರನ್ನಾದರೂ ಬಿಡಿ.

ನಿಮ್ಮ ಸಮಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಕಂಡಕಂಡವರು ಸಂಶೋಧನೆಯ ಹೆಸರಿನಲ್ಲಿ ಮಕ್ಕಳ ತೋಳಿಗೆ ಸೂಜಿ ಚುಚ್ಚದಂತೆ ಕಾಯುವವರು ಇರಲೇಬೇಕು. ನಾನೂ ಸುಮ್ಮನೆ ಬಿಡುವವಳಲ್ಲ. ಡಾಕ್ಟರು ಒಪ್ಪಿಗೆಯ ಹಾಳೆಯನ್ನು ನನಗೆ ಓದಿದ ಮೇಲೆ ಇಲಕ್ಕಿಯಾಗೂ ಓದಿ ಹೇಳಿದರು. ಬೇಡವೆಂದರೆ ಬೇಡ, ಯಾರೂ ಬೈಯುವುದಿಲ್ಲ ಎಂದರು. ಅವಳು ಬಹಳ ಯೋಚಿಸಿ ಷರತ್ತು ಹಾಕಿದಳು: "ಎಡಗೈಲಿ ತಗೊಳ್ಳಿ. ಬಲಗೈಲಿ ಕೇರಂ ಆಡ್ಬೇಕು." ಆ ಷರತ್ತನ್ನು ಡಾಕ್ಟರು ಅರ್ಜಿಯ ಏಳನೆಯ ಪುಟದಲ್ಲಿ ಬರೆದಿದ್ದಾರೆ. ಏಳನೆಯ ಪುಟದವರೆಗೆ ಓದಿದ್ದರೆ ನೀವೂ ನಗುತ್ತಿದ್ದಿರಿ.

ಕೊನೆಗೆ ಆರನೆಯ ಭೇಟಿಯಲ್ಲಿ ನೀವು ನನ್ನನ್ನು ಒಳಗೆ ಕರೆದಿರಿ. ನಾಲ್ಕು ನಿಮಿಷ. ಕುರ್ಚಿ ತೋರಿಸಿದಿರಿ, ನೀರು ತರಿಸಿದಿರಿ. ನೀವು ಕೆಟ್ಟವರಲ್ಲ, ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಈ ಪತ್ರ ಇನ್ನೂ ಚೆನ್ನಾಗಿ ಬರುತ್ತಿತ್ತು. "ಈಗ ಮಗು ಹೇಗಿದ್ದಾಳೆ?" ಎಂದು ಕೇಳಿದಿರಿ. ಹುಷಾರಾಗಿದ್ದಾಳೆ ಎಂದೆ. ನೀವು ಕೈ ಅಗಲಿಸಿ ನಕ್ಕು, "ಮತ್ತೇನಮ್ಮಾ ಇನ್ನು?" ಎಂದಿರಿ.

ನಮಸ್ಕಾರ ಹೇಳಿ ಬಂದುಬಿಟ್ಟೆ. ಉಕ್ಕಡಂ ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಹನ್ನೆರಡು ಉತ್ತರ ಹೊಳೆದವು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮತ್ತೇನೆಂದರೆ, ಈ ಫೆಬ್ರವರಿಯಲ್ಲಿ ಇಲಕ್ಕಿಯಾಗೆ ಮತ್ತೆ ಗಂಟಲು ಕೆಟ್ಟಿತು. ನಾಲ್ಕನೆಯ ದಿನ ಮಧ್ಯಾಹ್ನ ಅನ್ನದ ತಟ್ಟೆ ದೂರ ಸರಿಸಿ, ಅದೇ ಕಣ್ಣುಗಳಿಂದ ನನ್ನನ್ನು ನೋಡಿದಳು. ಈ ಸಲ ನಮಗೆ ಗೊತ್ತಿತ್ತು. ಅತ್ತೆ ಮೆಣಸಿನಕಾಯಿ ಹುಡುಕಲಿಲ್ಲ, ಚಪ್ಪಲಿ ಹುಡುಕಿದರು, ಸಂಜೆಯೊಳಗೆ ಧಾರಾಪುರಂನಲ್ಲಿದ್ದೆವು. ಒಂಬತ್ತೇ ದಿನಕ್ಕೆ ಇಳಿಯಿತು. ಹೋದ ಸಲ ಮೂರು ತಿಂಗಳು, ಈ ಸಲ ಒಂಬತ್ತು ದಿನ. ಔಷಧಿ ಬೇಗ ಸಿಕ್ಕಿದ್ದಕ್ಕೋ, ನಾವು ಹೆದರದಿದ್ದಕ್ಕೋ, ಸುಮ್ಮನೆ ಅದೃಷ್ಟವೋ? ಡಾಕ್ಟರು ಎಂದಿನಂತೆ ಗೊತ್ತಿಲ್ಲ ಎಂದರು. ಮುಂದಿನ ಜ್ವರ ಬಂದಾಗಲೂ ನಾವು ಅದೃಷ್ಟವನ್ನೇ ನಂಬಿ ಕೂರಬೇಕೇ?

ಮತ್ತೇನೆಂದರೆ, ನಿತ್ಯಾಗೆ ಅದೇ ಔಷಧಿ ಕೊಟ್ಟರು. ಕೆಲಸ ಮಾಡಲಿಲ್ಲ. ಎರಡು ವರ್ಷ ತಡವಾಯಿತೋ, ಅವಳ ಕಾರಣವೇ ಬೇರೆಯೋ, ಯಾರಿಗೂ ತಿಳಿಯದು. ಕ್ಯಾಲೆಂಡರ್ ಹಾಳೆಯ ಆ ದಿನದಿಂದ ಆ ಹುಡುಗಿ ಶಾಲೆಗೆ ಹೋಗಿಲ್ಲ, ಮನೆಯ ಹೊಸ್ತಿಲು ದಾಟಿಲ್ಲ. ಅವಳ ಅಪ್ಪ ಪ್ರತಿ ತಿಂಗಳೂ ನನಗೆ ಫೋನ್ ಮಾಡಿ ಇಲಕ್ಕಿಯಾ ಹೇಗಿದ್ದಾಳೆಂದು ಮೊದಲು ಕೇಳುತ್ತಾರೆ, ಸಂತೋಷ ಎನ್ನುತ್ತಾರೆ. ಆಮೇಲೆ "ಆಫೀಸಿನಿಂದ ಏನಾದರೂ ಬಂತಾ ಅಮ್ಮಾ?" ಎನ್ನುತ್ತಾರೆ. ನನ್ನ ಮಗಳು ಹುಷಾರಾಗಿದ್ದಾಳೆಂದು ಹೇಳಲು ನನಗೆ ನಾಚಿಕೆಯಾಗುವ ದಿನ ಅದೊಂದೇ.

ಹಾಗಾಗಿ ನನ್ನ ಬೇಡಿಕೆ. ಡಾಕ್ಟರ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ತಪ್ಪುಗಳಿದ್ದರೆ ತಿದ್ದಲು ಹೇಳಿ, ಕಾವಲಿಗೆ ಬೇಕಾದಷ್ಟು ಷರತ್ತು ಹಾಕಿ, ಆದರೆ ಹುಡುಕಲು ಬಿಡಿ. ನಮೂನೆಗೆ ಇನ್ನೊಂದು ಚೌಕ ಸೇರಿಸಿ. ಅದಕ್ಕೆ ಯಾರ ಅನುಮೋದನೆಯೂ ಬೇಡ, ಒಂದು ಸ್ಕೇಲು ಸಾಕು. ಇನ್ನು ಈ ಪತ್ರಕ್ಕೆ ಉತ್ತರವನ್ನು ನನಗೆ ಬರೆಯಬೇಡಿ. ಕೃಷ್ಣಸಾಮಿಯವರಿಗೆ ಬರೆಯಿರಿ. ಅವರಿಗೆ ಕನ್ನಡ ಬಾರದು, ತಮಿಳಿನಲ್ಲಿ ಬರೆಯಿರಿ. ಉದ್ದ ಬೇಡ. ನಿಮ್ಮ ಮಗಳಿಗೆ ಏನಾಯಿತೆಂದು ನಮಗೆ ಗೊತ್ತಿಲ್ಲ, ಆದರೆ ಹುಡುಕಲು ಶುರುಮಾಡಿದ್ದೇವೆ ಎಂದು ಎರಡು ಸಾಲು ಬರೆದು ಸಹಿ ಮಾಡಿ. ಅದು ಸುಳ್ಳಾಗದಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಕಚೇರಿಯ ಬೆಂಚಿಗೆ ನಿಮಗಿಂತ ಚೆನ್ನಾಗಿ ಪರಿಚಯವಿರುವ,
ಗೋಕಿಲಾ ನಂದಕುಮಾರ್
ಚೆಕಿಂಗ್ ವಿಭಾಗ, ಅನ್ನೂರು